ಬೆರಳಿನ ಶಾಯಿ ನೋಡಿದ ಮಾವ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ಗೃಹಿಣಿ, ವಯಸ್ಸು ಮೂವತ್ತೆರಡು. 2024ರ ಜೂನ್‌ನಲ್ಲಿ, ಮಳೆ ಹಿಡಿದಿದ್ದ ಮಧ್ಯಾಹ್ನ ನನ್ನ ಬಳಿ ಸಲಹೆಗೆ ಬಂದರು. ನಿದ್ದೆಯಿಲ್ಲ, ಎದೆ ಡವಗುಟ್ಟುತ್ತದೆ. ಯಾವಾಗಿನಿಂದ? ‘ಓಟು ಹಾಕಿದ ದಿನದಿಂದ ಮೇಡಂ.’

ಏಪ್ರಿಲ್ 26ರ ಸಂಜೆ, ಮತಗಟ್ಟೆಯಲ್ಲಿ ತಮ್ಮ ಪಕ್ಷದ ಬೂತ್ ಏಜೆಂಟ್ ಆಗಿ ಕೂತು ಬಂದಿದ್ದ ಮಾವ ಕಾಫಿ ಲೋಟ ತೆಗೆದುಕೊಳ್ಳುತ್ತಾ ಸೊಸೆಯ ಬೆರಳಿನ ಶಾಯಿ ನೋಡಿ, ‘ನಮ್ಮವರಿಗೇ ತಾನೇ ಮಗಾ?’ ಅಂದರು. ಈಕೆ ತಲೆಯಾಡಿಸಿದರು. ಹಾಕಿದ್ದು ಬೇರೆ ಪಕ್ಷಕ್ಕೆ. ಮದುವೆಯಾದಾಗಿನಿಂದಲೂ ಹಾಗೇ, ಗಂಡನಿಗೂ ಗೊತ್ತಿಲ್ಲ.

ಫಲಿತಾಂಶ ಬಂದ ಮೇಲೆ ವಿಷಯ ಬಿಗಡಾಯಿಸಿತು. ಮತಗಳ ಲೆಕ್ಕ ಬೂತ್‌ವಾರು ಸಿಗುತ್ತದೆ. ಸಣ್ಣ ಬೂತಾದರೆ ಊಹೆಗೆ ಎಷ್ಟು ಹೊತ್ತು! ಬೇರೆ ಪಕ್ಷಕ್ಕೆ ಹಾಕಿದವರು ಯಾರೆಂಬ ಮಾವನ ಅನುಮಾನ, ತೋಟದ ಕೆಲಸದವರು ಇರುವ ಲೈನ್‌ಮನೆಯ ಒಂದು ಸಂಸಾರದ ಮೇಲೆ ಬಿತ್ತು. ಅವರೊಡನೆ ಮಾತೇ ಬಿಟ್ಟರು. ಮೊದಲೇ ಕೆಟ್ಟಿದ್ದ ಈಕೆಯ ನಿದ್ದೆಯನ್ನು ಪೂರ್ತಿ ಕೆಡಿಸಿದ್ದು ಇದು.

ಮೊದಲು ಕೇಳಿದ್ದು: ಗೊತ್ತಾದರೆ ಕೈಮಾಡುವವರು, ಮನೆಯಿಂದ ಹೊರಹಾಕುವವರು ಇದ್ದಾರೆಯೇ? ಇದ್ದರೆ ನನ್ನ ಸಲಹೆಯೇ ಬೇರೆಯಾಗುತ್ತಿತ್ತು. ಇಲ್ಲ ಎಂದರು. ಮತಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ಕಂಡ ಚೀಟಿಯನ್ನು ಏಜೆಂಟರು ನೋಡುತ್ತಾರೆಂಬ ಭಯವೂ ಇತ್ತು. ಆ ಚೀಟಿ 7 ಸೆಕೆಂಡು ಮತದಾರರಿಗಷ್ಟೇ ಕಂಡು ಒಳಗೆ ಬೀಳುತ್ತದೆ ಎಂದು ವಿವರಿಸಿದೆ. ಯಾರಿಗೆ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ. ಕೋರ್ಟೇ ಕೇಳಬಾರದ್ದನ್ನು ಮನೆಯವರು ಕೇಳಿದರೆ ಹೇಳಲೇಬೇಕೆಂದಿಲ್ಲ.

ಆದರೆ ಸುಮ್ಮನಿರುವುದು ಬೇರೆ, ಹೂಂ ಅನ್ನುವುದು ಬೇರೆ. ಆಕೆಯನ್ನು ಸುಡುತ್ತಿದ್ದುದು ಆ ಹೂಂ. ‘ಎಲ್ಲ ಒಪ್ಪಿಕೊಂಡುಬಿಡಲೇ?’ ಎಂದರು. ಬೇಡ ಎಂದೆ. ನಿಮ್ಮ ಓಟು ನಿಮ್ಮದು. ಆದರೆ ನಿಮ್ಮ ಓಟಿಗೆ ಇನ್ನೊಬ್ಬರು ಬೈಸಿಕೊಳ್ಳುವಾಗ ಬಾಯಿ ಬಿಡಬೇಕು. ಆಡಬೇಕಾದ ಮಾತನ್ನು ಇಬ್ಬರೂ ಸೇರಿ ಹುಡುಕಿದೆವು, ನಾಲ್ಕೈದು ಸಲ ಗಟ್ಟಿಯಾಗಿ ಹೇಳಿಸಿದೆ. ಗಂಡನಿಗೆ ಮಾತ್ರ, ಮನಸ್ಸು ಗಟ್ಟಿಯಾದಾಗ, ನಿಜ ಹೇಳಿ ಎಂದೆ.

ಮೂರು ವಾರ ಬಿಟ್ಟು ಬಂದರು. ಊಟದ ಹೊತ್ತಿಗೆ ಅದೇ ಮಾತು ಎದ್ದಾಗ, ‘ಯಾರು ಯಾರಿಗೆ ಹಾಕಿದರು ಅಂತ ಹುಡುಕೋದು ಬೇಡ ಮಾವ. ನಾಳೆಯಿಂದ ನನ್ನನ್ನೂ ಕೇಳಬೇಡಿ’ ಅಂದರಂತೆ. ಮಾವ ಕೈತೊಳೆದು ಎದ್ದುಹೋದರು. ಗಂಡನಿಗೆ ಇನ್ನೂ ಹೇಳಿಲ್ಲ. ನಿದ್ದೆ ಬರುತ್ತಿದೆ.