ಅಪ್ಪನ ಜೋಳದ ಪಟ್ಟಿ ಜನರಿಗೆ ತೋರಿಸಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿದೆ. ನಾನು ಪುಣೆಗೆ ಬಂದು 14 ವರ್ಷ ಆಯ್ತು. ಅಪ್ಪ ಊರಲ್ಲಿ ಈಗಲೂ ಬಿಳಿಜೋಳ, ಕಡಲೆ ಬೆಳೆಯುತ್ತಾರೆ. ರೈತರು ತಮ್ಮ ಕಾಳನ್ನು ಎಲ್ಲಿ ಬೇಕೋ ಅಲ್ಲಿ, ಯಾರಿಗೆ ಬೇಕೋ ಅವರಿಗೆ ಮಾರುವಂತಾಗಬೇಕು ಎಂದು ಇಲ್ಲಿನ ನಾವು ನಾಲ್ಕೈದು ಜನ ಕನ್ನಡಿಗರು ಹೌಸಿಂಗ್ ಸೊಸೈಟಿಗಳಿಗೆ ಹೋಗಿ ಮಾತಾಡುತ್ತಿದ್ದೇವೆ. ಜನ ಮೂರೇ ಮಾತಲ್ಲಿ ನಮ್ಮ ಬಾಯಿ ಮುಚ್ಚಿಸುತ್ತಾರೆ. "ಅದು ರೈತರ ವಿಷಯ, ನಮಗ್ಯಾಕೆ?" "ಆಮೇಲೆ ರೇಟ್ ಏರುತ್ತೆ." "ದೊಡ್ಡ ಕಂಪನಿಗಳು ಬಂದು ನುಂಗಿಬಿಡ್ತವೆ, 2020ರಲ್ಲಿ ನೋಡ್ಲಿಲ್ವಾ?" ಏನು ಹೇಳಬೇಕು?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಮೂರನೆಯ ಮಾತಿನಿಂದಲೇ ಶುರು ಮಾಡೋಣ. ಅದರಲ್ಲಿ ನಿಜವಾದ ಭಯ ಇದೆ. ಅದನ್ನು ತಳ್ಳಿಹಾಕಿದರೆ ಮುಂದಿನ ಮಾತು ಯಾರೂ ಕೇಳುವುದಿಲ್ಲ.

ರೈತರು ಮಂಡಿಯ ಹೊರಗೂ ಮಾರಬಹುದು ಅನ್ನುವುದೂ ಸೇರಿ ಕೇಂದ್ರ ಸರ್ಕಾರದ ಕೃಷಿ ಸುಗ್ರೀವಾಜ್ಞೆಗಳು 2020ರ ಜೂನ್‌ನಲ್ಲಿ ಬಂದವು, ಸೆಪ್ಟೆಂಬರ್‌ನಲ್ಲಿ ಅವು ಮೂರು ಕಾಯ್ದೆಗಳಾದವು. ಒಂದು ವರ್ಷಕ್ಕೂ ಹೆಚ್ಚು ಕಾಲ ಪಂಜಾಬ್ ಮೊದಲಾದ ಕಡೆಯ ರೈತರು ದೆಹಲಿಯ ಗಡಿಯಲ್ಲಿ ಧರಣಿ ಕೂತರು. 2021ರ ನವೆಂಬರ್‌ನಲ್ಲಿ ಕಾಯ್ದೆಗಳು ವಾಪಸ್ಸಾದವು. ಪಂಜಾಬ್‌ನವರ ಲೆಕ್ಕ ಸರಳವಾಗಿತ್ತು. ಅವರ ಗೋಧಿ, ಭತ್ತವನ್ನು ಸರ್ಕಾರ ಮಂಡಿಯಲ್ಲೇ ಬೆಂಬಲ ಬೆಲೆ ಕೊಟ್ಟು ಕೊಳ್ಳುತ್ತದೆ. ಮಂಡಿಯ ಹೊರಗೆ ಶುಲ್ಕವಿಲ್ಲದ ವ್ಯಾಪಾರ ಶುರುವಾದರೆ ಮಂಡಿ ಬಡವಾಗುತ್ತೆ, ಮಂಡಿ ಹೋದರೆ ಬೆಂಬಲ ಬೆಲೆಯೂ ಹೋಗುತ್ತೆ ಎಂದು ಅವರು ಹೆದರಿದರು. ಕೈಯಲ್ಲಿರುವುದನ್ನು ಬಿಟ್ಟು ಬರಲಿರುವುದನ್ನು ನಂಬು ಅಂದರೆ ಯಾರು ನಂಬುತ್ತಾರೆ ಹೇಳಿ?

ಇಂಡಿಯ ಜೋಳದ ಕಥೆ ಬೇರೆ. 2025-26ಕ್ಕೆ ಮಾಲ್ದಂಡಿ ಅನ್ನುವ ಬಿಳಿಜೋಳದ ತಳಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ ಇತ್ತು. ಹತ್ತಿರದಲ್ಲಿ ಖರೀದಿ ಕೇಂದ್ರ ತೆರೆಯದಿದ್ದರೆ ಅದು ಪೇಪರಿನಲ್ಲೇ ಉಳಿಯುತ್ತೆ. ಹಾಗಾಗಿ ನೀವು ಕೇಳಬೇಕಾದದ್ದು ಇಷ್ಟು: ಮಂಡಿ ಇರಲಿ, ಬೆಂಬಲ ಬೆಲೆ ಇರಲಿ, ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯಲಿ. ಇದನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ.

ಕಾನೂನಿನ ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಂಡಿರಿ. ಮಹಾರಾಷ್ಟ್ರದ ಕೃಷಿ ಮಾರುಕಟ್ಟೆ (ಎಪಿಎಂಸಿ) ಕಾಯ್ದೆ 1963ರದು, ಕರ್ನಾಟಕದ್ದು 1966ರದು. ರೈತ ತನ್ನ ಕಾಳನ್ನು ಒಂದು ಮನೆಯ ಊಟಕ್ಕೆ ಮಾರುವುದನ್ನು ಮಹಾರಾಷ್ಟ್ರದ ಕಾಯ್ದೆ ಮೊದಲಿನಿಂದಲೂ ತಡೆದಿಲ್ಲ. ಅದು ಕಟ್ಟಿಹಾಕಿದ್ದು ಸಗಟು ಕೊಳ್ಳುವವರನ್ನು. ಲೈಸೆನ್ಸ್ ಇದ್ದವರು, ಮಂಡಿಯ ಯಾರ್ಡಿನೊಳಗೆ ಮಾತ್ರ ಕೊಳ್ಳಬೇಕಿತ್ತು. ಕೊಳ್ಳುವವರು ನಾಲ್ಕೇ ಜನ ಇದ್ದರೆ ರೈತ ಯಾರ ಹತ್ತಿರ ಚೌಕಾಸಿ ಮಾಡಬೇಕು? ಹಣ್ಣು, ತರಕಾರಿಗೆ ಈ ಕಟ್ಟನ್ನು ಮಹಾರಾಷ್ಟ್ರ 2016ರಲ್ಲಿ ಬಿಚ್ಚಿತು. ರೈತರ ಸ್ವಾತಂತ್ರ್ಯ ಅಂತ ನಾವು ಹೇಳುವುದರಲ್ಲಿ ಅರ್ಧ, ಕೊಳ್ಳುವವನು ರೈತನ ಬಾಗಿಲಿಗೆ ಬರುವ ಸ್ವಾತಂತ್ರ್ಯ.

ಇನ್ನು ಮೊದಲ ಮಾತು, "ನಮಗ್ಯಾಕೆ?" ಇದಕ್ಕೆ ವಾದದಿಂದ ಉತ್ತರ ಬರುವುದಿಲ್ಲ. ಕಣ್ಣಿಗೆ ಕಾಣಬೇಕು.

ನಾನು ಚಿಕ್ಕವನಿದ್ದಾಗ ಅಜ್ಜನ ಜೊತೆ ಮಂಡಿಯ ಅಡತ್ (ದಲಾಲಿ) ಅಂಗಡಿಗೆ ಹೋಗಿದ್ದೆ. ಅಜ್ಜ ರಾಶಿ ಸುರಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಂದವರೆಲ್ಲ ಒಂದೊಂದು ಹಿಡಿ ನಮೂನೆ ತೆಗೆದರು. ಒಬ್ಬರೂ ವಾಪಸ್ ಹಾಕಲಿಲ್ಲ. ಆಮೇಲೆ ದಲಾಲ ಮತ್ತು ಖರೀದಿದಾರ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮಾತಾಡಿಕೊಂಡರು. ಜೋಳ ಅಜ್ಜನದು, ದರ ಮಾತ್ರ ಟವೆಲ್ ಕೆಳಗೆ. "ಎಷ್ಟಾಯ್ತ್ರೀ?" ಅಂತ ಅಜ್ಜ ಕೇಳಿದರು. "ನಾ ನೋಡ್ಕೋತೀನಿ ಬಿಡ್ರಿ ಗೌಡ್ರ" ಅಂದ ಆತ. ಸಂಜೆ ಕೈಗೆ ಮಾರಾಟದ ಲೆಕ್ಕದ ಪಟ್ಟಿ ಬಂತು. ಅಡತ್, ಹಮಾಲಿ, ತೂಕದ ಕೂಲಿ, ಬಿತ್ತನೆಗೆ ತಂದ ಮುಂಗಡದ ಬಡ್ಡಿ, ಎಲ್ಲ ಕಳೆದು ಉಳಿದದ್ದನ್ನು ಅಜ್ಜ ಎರಡು ಸಲ ಎಣಿಸಿದರು. ಆ ಎಣಿಕೆ ನನಗೆ ಇವತ್ತಿಗೂ ನೆನಪಿದೆ. ನಾನು ರೈತರ ಪರವಾಗಿ 30 ವರ್ಷ ಕೆಲಸ ಮಾಡಲು ಅದೇ ಕಾರಣ.

ಆ ಪಟ್ಟಿ ನಿಮ್ಮ ಅಪ್ಪನ ಹತ್ತಿರವೂ ಇರುತ್ತೆ. ಹೆಸರು ಮುಚ್ಚಿ, ದೊಡ್ಡದಾಗಿ ಜೆರಾಕ್ಸ್ ಮಾಡಿಸಿ. ಪಕ್ಕದಲ್ಲಿ ನಿಮ್ಮ ಬೀದಿಯ ಕಿರಾಣಿ ಅಂಗಡಿಯ ಇವತ್ತಿನ ದರ ಬರೆಯಿರಿ. ಒಂದು ಕಿಲೋ ಜೋಳಕ್ಕೆ ನೀವು ಕೊಟ್ಟಿದ್ದೆಷ್ಟು, ಅಪ್ಪನಿಗೆ ಸೇರಿದ್ದೆಷ್ಟು ಅನ್ನುವುದನ್ನು ಜನರೇ ಲೆಕ್ಕ ಹಾಕಲಿ.

ದೂರದ ಉದಾಹರಣೆ ಬೇಕಿದ್ದರೆ ಕೆನಡಾ ಇದೆ. ಅಲ್ಲಿನ ಪಶ್ಚಿಮ ಭಾಗದ ರೈತರು 1943ರಿಂದ ಗೋಧಿಯನ್ನು ಸರ್ಕಾರಿ ಗೋಧಿ ಮಂಡಳಿಯ ಮೂಲಕವೇ ಮಾರಬೇಕಿತ್ತು. ಕೆಲವರು ತಮ್ಮ ಗೋಧಿಯನ್ನು ಲಾರಿಗೆ ತುಂಬಿ ಅಮೆರಿಕದ ಗಡಿ ದಾಟಿಸಿದರು. ದಂಡ ಕಟ್ಟಲು ಒಪ್ಪದ 13 ರೈತರು 2002ರಲ್ಲಿ ಜೈಲಿಗೆ ಹೋದರು. ತಾನು ಬೆಳೆದ ಗೋಧಿ ಮಾರಿದ್ದಕ್ಕೆ ಜೈಲು! ಈ ಒಂದು ಸಾಲು ಯಾರಿಗೆ ಹೇಳಿದರೂ ಅರ್ಥವಾಗುತ್ತೆ. 2012ರ ಆಗಸ್ಟ್ 1ರಿಂದ ಆ ಕಡ್ಡಾಯ ಹೋಯಿತು. ಆದರೆ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬೇಡಿ. 2011ರಲ್ಲಿ ಮಂಡಳಿ ನಡೆಸಿದ ಮತದಾನದಲ್ಲಿ ಗೋಧಿ ಬೆಳೆಗಾರರ ಪೈಕಿ ಶೇ 62ರಷ್ಟು ಮಂದಿ ಹಳೆಯ ಪದ್ಧತಿಯೇ ಇರಲಿ ಅಂದಿದ್ದರು. ರೈತರೆಲ್ಲ ಒಂದೇ ಮಾತು ಹೇಳುತ್ತಾರೆ ಎಂದು ನೀವು ಹೇಳಿದರೆ ಸಿಕ್ಕಿಬೀಳುತ್ತೀರಿ.

ಪುಣೆಯವರಿಗೆ ಅಷ್ಟು ದೂರ ಹೋಗುವುದೂ ಬೇಡ. ಇಲ್ಲೇ ಹತ್ತಿರದ ಚಾಕಣದಲ್ಲಿ 1980ರಲ್ಲಿ ರೈತ ನಾಯಕ ಶರದ್ ಜೋಶಿಯವರ ಜೊತೆ ಈರುಳ್ಳಿ ಬೆಳೆಗಾರರು ರಸ್ತೆಗಿಳಿದರು. ಅವರ ಶೇತ್ಕರಿ ಸಂಘಟನೆಯ ಘೋಷಣೆ "ಭೀಕ್ ನಕೊ, ಹವೇ ಘಾಮಾಚೇ ದಾಮ್". ಭಿಕ್ಷೆ ಬೇಡ, ಬೆವರಿನ ಬೆಲೆ ಕೊಡಿ. ಮರಾಠಿ ಮನೆಗಳ ಹಿರಿಯರಿಗೆ ಇದನ್ನು ನೆನಪಿಸಿ ನೋಡಿ. ಮಹಾರಾಷ್ಟ್ರದ ಹತ್ತಿ ಬೆಳೆಗಾರರಂತೂ 1972ರಿಂದ ಸುಮಾರು 30 ವರ್ಷ ರಾಜ್ಯದ ಏಕಸ್ವಾಮ್ಯ ಖರೀದಿ ಯೋಜನೆಗೇ ಹತ್ತಿ ಹಾಕಬೇಕಿತ್ತು. ಪಕ್ಕದ ರಾಜ್ಯದಲ್ಲಿ ದರ ಜಾಸ್ತಿ ಇದ್ದಾಗ ಕದ್ದುಮುಚ್ಚಿ ಗಡಿ ದಾಟಿಸಿದವರಿದ್ದರು. ಸ್ವಂತ ಹೊಲದ ಹತ್ತಿಗೆ ಕಳ್ಳತನದ ದಾರಿ!

"ರೇಟ್ ಏರುತ್ತೆ" ಅನ್ನುವವರಿಗೆ ಅಗ್ಗದ ಆಸೆ ತೋರಿಸಬೇಡಿ. ಊರಿಂದ ಜೋಳ ತಂದು ನೇರವಾಗಿ ಮಾರಿದರೂ ಟೆಂಪೋ ಬಾಡಿಗೆ, ಚೀಲ, ಸಾಗಣೆಯಲ್ಲಿ ಸೋರಿ ಹೋಗುವ ಕಾಳು, ಎಲ್ಲ ಸೇರಿದರೆ ಅಂಗಡಿ ದರಕ್ಕಿಂತ ಸ್ವಲ್ಪವೇ ಕಡಿಮೆ ಬೀಳಬಹುದು. ಒಮ್ಮೊಮ್ಮೆ ಅಷ್ಟೂ ಇಲ್ಲ. ಸಿಗುವುದು ಹೊಸ ಜೋಳ. ಹಳೇ ಹಿಟ್ಟಿಗೆ ಜಿಗಿ ಇರಲ್ಲ, ತಟ್ಟುವಾಗ ಅಂಚು ಸೀಳುತ್ತೆ. ಸುಗ್ಗಿ ಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದಿ ತಟ್ಟಿದರೆ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬುತ್ತೆ. ಇದನ್ನು ಭಕ್ರಿ ಮಾಡುವ ಯಾವ ಮರಾಠಿ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ವರ್ಷದ ಕಾಳು ತುಂಬಿಡುವ ಮನೆಗಳು ಪುಣೆಯಲ್ಲಿ ಇನ್ನೂ ಇವೆ. ನಿಮ್ಮ ಪ್ರಚಾರಕ್ಕೂ ಅದೇ ಸಮಯ. ಗೇಟಿನ ಹತ್ತಿರ ಒಂದು ಚೀಲ ಬಿಚ್ಚಿಡಿ. ಹೆಂಗಸರು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಹಲ್ಲಲ್ಲಿ ಕಡಿದು ನೋಡಲಿ. ಅಪ್ಪನನ್ನೂ ಒಂದು ಭಾನುವಾರ ಕರೆಸಿ ಚೀಲದ ಪಕ್ಕ ಕೂರಿಸಿ. ನೀವು ಒಂದು ಗಂಟೆ ಮಾತಾಡುವುದಕ್ಕಿಂತ ಅವರಿಗೆ ಜನ ಕೇಳುವ ಹತ್ತು ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತೆ.

ಒಂದು ಕಿವಿಮಾತು. "ದಲಾಲರೆಲ್ಲ ಕಳ್ಳರು" ಅನ್ನುವ ಮಾತು ಬೇಡವೇ ಬೇಡ. ಬಿತ್ತನೆ ಹೊತ್ತಲ್ಲಿ, ಮಗಳ ಮದುವೆಯಲ್ಲಿ ಬ್ಯಾಂಕ್ ಕೊಡದ ದುಡ್ಡನ್ನು ಎಷ್ಟೋ ಸಲ ಅಡತ್ ಅಂಗಡಿಯವರೇ ಕೊಟ್ಟಿದ್ದಾರೆ. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲರ ಹೊಟ್ಟೆಪಾಡೂ ಇದೆ. ಬಾಬಾ ಆಢಾವರು ಹಮಾಲರ ಸಂಘಟನೆಯಾದ ಹಮಾಲ್ ಪಂಚಾಯತ್ ಕಟ್ಟಿದ ಊರು ಇದು. ಹಮಾಲರ ಕೂಲಿಯ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. ನಿಮ್ಮ ಟೆಂಪೋ ಇಳಿಸುವವರಿಗೂ ನ್ಯಾಯವಾದ ಕೂಲಿ ಕೊಡಿ, ಅದನ್ನೂ ಹಲಗೆಯ ಮೇಲೆ ಬರೆಯಿರಿ.

ಪ್ರಶ್ನೆ: ಊರಿಂದ ತಂದ ಜೋಳ ಮಾರಲು ಲೈಸೆನ್ಸ್ ಬೇಕಾ? ಹಿಟ್ಟು ಮಾಡಿ ಕೊಡಬಹುದಾ?
– ಗೃಹಿಣಿ, ಪಿಂಪ್ರಿ

ಉತ್ತರ: ರೈತರು ತಾವು ಬೆಳೆದ ಕಾಳನ್ನು ಹಾಗೇ ಮಾರಿದರೆ ಆಹಾರ ಸುರಕ್ಷತೆ ಕಾಯ್ದೆಯ ನೋಂದಣಿ ಬೇಕಿಲ್ಲ. ಹಿಟ್ಟು ಬೀಸಿಸಿ ಪ್ಯಾಕ್ ಮಾಡಿ ಮಾರುವುದಾದರೆ ಆ ಕಾಯ್ದೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಇರಲಿ, ಮುಳ್ಳು ಕೊಳ್ಳುವವರ ಕಡೆಗೆ ಕಾಣುವಂತೆ ಇಡಿ. ಮೊದಲ ವರ್ಷ ಕಾಳನ್ನೇ ಮಾರಿ, ಹಿಟ್ಟಿನ ಗೋಜು ಬೇಡ. ನಿಮ್ಮ ಓಣಿಯ ಗಿರಣಿಯವನಿಗೂ ನಾಲ್ಕು ಕಾಸು ಸಿಗಲಿ.