ಕೆ99 ಅರ್ಜಿ: ಇನ್ನೊಂದು ಪ್ರಬಂಧಕ್ಕಾಗಿ ಕಾಯಬೇಡಿ

ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧಕ) ಆಗಿ ಮೂರನೆಯ ವರ್ಷದಲ್ಲಿರುವ ನೀವು, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮೂಹವಾದ ಎನ್‌ಐಎಚ್‌ನ, ಪೋಸ್ಟ್‌ಡಾಕ್‌ಗಳು ಸ್ವತಂತ್ರ ಸಂಶೋಧಕರಾಗಲು ನೆರವಾಗುವ ಕೆ99/ಆರ್00 ಅನುದಾನಕ್ಕೆ ಈಗಲೇ ಅರ್ಜಿ ಹಾಕಬೇಕೇ ಅಥವಾ ಇನ್ನೊಂದು ಪ್ರಬಂಧ ಪ್ರಕಟವಾಗುವವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ.

ಪಿಎಚ್‌ಡಿ ನಂತರದ ಸಂಶೋಧನಾ ಅನುಭವ 4 ವರ್ಷ ಮೀರಿರಬಾರದು ಎಂಬ ನಿಯಮ ಮೊದಲ ಅರ್ಜಿಗಷ್ಟೇ ಅಲ್ಲ, ಮರುಸಲ್ಲಿಕೆಗೂ ಅನ್ವಯಿಸುತ್ತದೆ. ವಿಮರ್ಶಕರ ಟಿಪ್ಪಣಿಗಳು ಕೈಸೇರಿ, ಅರ್ಜಿಯನ್ನು ತಿದ್ದಿ ಮತ್ತೆ ಕಳುಹಿಸುವಷ್ಟರಲ್ಲಿ ಹಲವು ತಿಂಗಳುಗಳೇ ಕಳೆಯುವುದರಿಂದ, ತಡವಾಗಿ ಹೊರಟವರಿಗೆ ಎರಡನೆಯ ಅವಕಾಶವೇ ಉಳಿಯುವುದಿಲ್ಲ. (ಈ ಅವಧಿಯಲ್ಲಿ ಹೆರಿಗೆಯಾಗಿದ್ದರೆ ಒಂದು ವರ್ಷದ ವಿಸ್ತರಣೆ ಕೇಳಬಹುದು, ಅರ್ಹರಾದ ಎಲ್ಲರೂ ಇದನ್ನು ತಿಳಿದಿರಬೇಕು.) ಕೆ01, ಕೆ08ರಂಥ ಅನುದಾನಗಳಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕಾಗಿದ್ದರೂ ಕೆ99ಕ್ಕೆ ಆ ನಿರ್ಬಂಧವಿಲ್ಲವೆಂಬುದು ನಮ್ಮಂಥವರಿಗೆ ನಿಜಕ್ಕೂ ದೊಡ್ಡ ಆಸರೆ.

ಪ್ರಬಂಧಗಳ ಸಂಖ್ಯೆ ಮುಖ್ಯವೇ ಹೌದು, ಆದರೆ ಮಾರ್ಗದರ್ಶಕರ ಪ್ರಯೋಗಾಲಯದಿಂದ ನೀವು ಯಾವ ಪ್ರಶ್ನೆಯನ್ನು ನಿಮ್ಮದಾಗಿಸಿಕೊಂಡು ಹೊರಡುತ್ತೀರಿ, ಅದಕ್ಕಾಗಿ ಅನುದಾನದ ಮೊದಲ ಎರಡು ವರ್ಷಗಳಲ್ಲಿ ಯಾವ ಹೊಸ ತರಬೇತಿ ಪಡೆಯುತ್ತೀರಿ, ಮುಂದಿನ ಮೂರು ವರ್ಷಗಳ ಸ್ವತಂತ್ರ ಹಂತದಲ್ಲಿ ಅದನ್ನು ಹೇಗೆ ಬಳಸುತ್ತೀರಿ ಎಂಬುದನ್ನು ಮನವರಿಕೆ ಮಾಡಿಕೊಡುವ ಭಾಗಕ್ಕೇ ನಿಮ್ಮ ಹೆಚ್ಚಿನ ಶ್ರಮ ಸಲ್ಲಬೇಕು. ಆ ಕೆಲಸವನ್ನು ಮುಂದೆ ಕೊಂಡೊಯ್ಯಲು ನಿಮಗೇ ಬಿಟ್ಟುಕೊಡುವುದಾಗಿ ಮಾರ್ಗದರ್ಶಕರು ತಮ್ಮ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಲಿ. ಎನ್‌ಐಎಚ್‌ನ ಒಳಗಿನ ಸಂಸ್ಥೆಗಳ ಆದ್ಯತೆಗಳು ಬೇರೆಬೇರೆಯಾಗಿರುವುದರಿಂದ, ನಿಮ್ಮ ಉದ್ದೇಶಗಳನ್ನು ಒಂದು ಪುಟದಲ್ಲಿ ಬರೆದು ಈ ವಾರವೇ ಸಂಬಂಧಪಟ್ಟ ಪ್ರೋಗ್ರಾಂ ಆಫೀಸರ್‌ಗೆ (ಅನುದಾನಗಳನ್ನು ನೋಡಿಕೊಳ್ಳುವ ಆ ಸಂಸ್ಥೆಯ ಅಧಿಕಾರಿ) ಕಳುಹಿಸಿ.