ಸಹಿ ಹಾಕುವ ಮೊದಲು

ತಮ್ಮಾ, ನಿನ್ನ ಮೆಸೇಜ್ ಎರಡು ಸಲ ಓದಿದೆ. ದುಬೈಗೆ ಬಂದು ಐದು ತಿಂಗಳು, ಅದರಲ್ಲಿ ಎರಡು ತಿಂಗಳ ಸಂಬಳ ಬಾಕಿ, ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ. ನೀನು ಊರಿನ ಚರ್ಚಿನ ಸಭಾಪಾಲಕರಿಗೆ ಫೋನ್ ಮಾಡಿದೆಯಂತೆ. ಅವರು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಓದಿಸಿ, ಮೇಲಿನವರಿಗೆ ಅಧೀನನಾಗಿರು, ಉಳಿದದ್ದು ದೇವರಿಗೆ ಬಿಡು ಅಂದರು. "ಅಣ್ಣಾ, ಈಗ ಕಂಪ್ಲೇಂಟ್ ಕೊಟ್ಟರೆ ನನಗೆ ನಂಬಿಕೆ ಇಲ್ಲ ಅಂತಾಗುತ್ತಾ?" ಅಂತ ಕೇಳಿದ್ದೀಯ.

ಇಲ್ಲ ಮಾರಾಯ. ಕೊಡು.

ನನ್ನ ಕತೆ ಕೇಳು. 2007. ಆಗ ಸಂಬಳ ಕವರಿನಲ್ಲಿ ಕೈಗೆ ಸಿಗುತ್ತಿತ್ತು. ಕಾಂಟ್ರಾಕ್ಟ್‌ನಲ್ಲಿ 1,200 ದಿರ್ಹಮ್, ಕವರಿನಲ್ಲಿ 700. ವೋಚರಿನಲ್ಲಿ ಮಾತ್ರ 1,200 ಪಡೆದಿದ್ದೇನೆ ಅಂತ ಸಹಿ ಹಾಕಬೇಕು. ಪೆನ್ನಿಗೊಂದು ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದರು, ಪೆನ್ನು ಕದಿಯಬಾರದು ಅಂತ! ನಾಲ್ಕು ತಿಂಗಳು ಸಹಿ ಹಾಕಿದೆ. ದೇವರು ನೋಡಿಕೊಳ್ಳುತ್ತಾನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದು ನಂಬಿಕೆಯಲ್ಲ, ಹೆದರಿಕೆ. ವೀಸಾ ಕ್ಯಾನ್ಸಲ್ ಮಾಡಿ ಬ್ಯಾನ್ ಹಾಕಿಸ್ತೀನಿ ಅಂತ ಮ್ಯಾನೇಜರ್ ಆಗಾಗ ಹೇಳುತ್ತಿದ್ದ.

ಐದನೇ ತಿಂಗಳು ಪೆನ್ನು ಹಿಡಿದು ನಿಂತೆ, ಕೈ ಓಡಲಿಲ್ಲ. ಧಣಿಗಳಿಗೂ ಪರಲೋಕದಲ್ಲಿ ಒಬ್ಬ ಧಣಿ ಇದ್ದಾನೆ ಅಂತ ಸಂಡೇ ಸ್ಕೂಲಿನಲ್ಲಿ ಕಲಿತದ್ದು. ಹಾಗಾದರೆ ಆ ಧಣಿಯ ಎದುರು ನಾನೂ ಸುಳ್ಳು ಬರೆದುಕೊಡುತ್ತಿದ್ದೇನೆ, ಅಲ್ವಾ? ಪೆನ್ನು ಕೆಳಗಿಟ್ಟೆ. ಆ ತಿಂಗಳು 700 ಕೂಡ ಸಿಗಲಿಲ್ಲ.

ಲೇಬರ್ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ನಾಲ್ಕೂ ವೋಚರ್‌ಗಳನ್ನು ಸಾಲಾಗಿ ಜೋಡಿಸಿ, ಇದು ನಿನ್ನ ಸಹಿ ತಾನೇ ಅಂದರು. ಹೌದು ಅಂದೆ. ಐದನೇ ತಿಂಗಳ 1,200 ಸಿಕ್ಕಿತು. ಹಿಂದಿನ 2,000 ದಿರ್ಹಮ್ ಹೋಯಿತು, ಕೆಲಸವೂ ಹೋಯಿತು.

ಈಗ ಸಭಾಪಾಲಕರ 13ನೇ ಅಧ್ಯಾಯಕ್ಕೆ ಬರುತ್ತೇನೆ. ಅದನ್ನು ಬರೆದವನು ಯೇಸುವಿನ ಅಪೊಸ್ತಲ ಪೌಲ. ಅದೇ ಪೌಲ ಫಿಲಿಪ್ಪಿ ಪಟ್ಟಣದಲ್ಲಿ ಏನು ಮಾಡಿದ, ಬೈಬಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆದು ನೋಡು. ಪೌಲನಿಗೂ ಅವನ ಜೊತೆಗಾರ ಸೀಲನಿಗೂ ವಿಚಾರಣೆಯಿಲ್ಲದೆ ಜನರೆದುರು ಹೊಡೆಸಿದರು, ಕಾಲಿಗೆ ಕೋಳ ಹಾಕಿಸಿದರು. ಮಧ್ಯರಾತ್ರಿ ಇಬ್ಬರೂ ಹಾಡಿದರು, ಭೂಕಂಪವಾಯಿತು. ನಾವು ಪ್ರಸಂಗದಲ್ಲಿ ಕೇಳುವುದು ಇಷ್ಟೇ. ಬೆಳಗಾದ ಮೇಲಿನದ್ದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಅಧಿಕಾರಿಗಳು ಆಳು ಕಳಿಸಿ, ಅವರನ್ನು ಬಿಟ್ಟುಬಿಡಿ ಅಂತ ಹೇಳಿಸಿದರು. ಪೌಲ ಸುಮ್ನೆ ಹೊರಟುಹೋಗಬಹುದಿತ್ತು. ಹೋಗಲಿಲ್ಲ. ನಾವು ರೋಮ್ ಪೌರರು, ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತೀರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಬಂದರು, ಬೇಡಿಕೊಂಡರು. ರಾತ್ರಿ ಹಾಡಿದವನೇ ಬೆಳಗ್ಗೆ ಕಾನೂನು ಕೇಳಿದ.

ಆಮೇಲೆ ಕೈಸರೈಯ ಪಟ್ಟಣದಲ್ಲಿ ಲಂಚದ ಆಸೆಗೆ ರೋಮ್‌ನ ಅಧಿಪತಿ ಫೇಲಿಕ್ಸ ಅವನನ್ನು ಎರಡು ವರ್ಷ ಒಳಗಿಟ್ಟ. ಪೌಲ ಲಂಚ ಕೊಡಲಿಲ್ಲ. ಕೊನೆಗೆ ರೋಮ್ ಚಕ್ರವರ್ತಿ ಕೈಸರನಿಗೇ ಅಪ್ಪೀಲು ಹೋದ. ದೇವರು ಮೇಲಿದ್ದಾನೆ ಅಂತ ನಂಬಿದವನು ಕೆಳಗಿನ ಕೋರ್ಟಿನ ಬಾಗಿಲನ್ನೂ ತಟ್ಟಿದ.

ಹಾಗಾದರೆ ದೇವರಿಗೆ ಬಿಡಬೇಕಾದದ್ದು ಏನು? ಸೇಡು. ಅದು ಕಂಪ್ಲೇಂಟಿಗಿಂತ ಕಷ್ಟ. ನನ್ನ ಕೆಲಸ ಹೋಗಿ ಎರಡು ವರ್ಷದ ಮೇಲೆ ಇಲ್ಲಿನ ಕರಾಮಾ ಬಡಾವಣೆಯಲ್ಲಿ ಆ ಮ್ಯಾನೇಜರ್ ಎದುರಿಗೇ ಬಂದ, ಕೈಯಲ್ಲಿ ಮಗು. ನಾನು ರಸ್ತೆ ದಾಟಿ ಆ ಕಡೆ ಹೋದೆ. ನಿಂತು ಮಾತಾಡಿಸುವಷ್ಟು ಮನಸ್ಸು ಆಗ ಇರಲಿಲ್ಲ. ಈಗ ಇದೆಯಾ? ಕೇಳಬೇಡ.

ನಿನ್ನ ಕಾಲ ನನ್ನದಕ್ಕಿಂತ ವಾಸಿ. 2009ರಿಂದ ಸಂಬಳ ಬ್ಯಾಂಕ್ ಮೂಲಕ ಕೊಡುವ ವ್ಯವಸ್ಥೆ ಬಂದಿದೆ, ಬಂದಿಲ್ಲ ಅಂದರೆ ಲೆಕ್ಕ ತಾನೇ ಮಾತಾಡುತ್ತದೆ. 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಗಾರನ ಪಾಸ್‌ಪೋರ್ಟಿನಂಥ ದಾಖಲೆಯನ್ನು ಕಂಪನಿ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿನ ಕಾರ್ಮಿಕ ಸಚಿವಾಲಯದ ಆ್ಯಪ್‌ನಲ್ಲೇ ದೂರು ಕೊಡಬಹುದು. 2024ರಿಂದ 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು. ನಮ್ಮ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೂ ಒಂದು ಫೋನ್ ಹಾಕು. ಆದರೆ ಕೈಗೆ ಬಾರದ ದುಡ್ಡಿಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ, ದಮ್ಮಯ್ಯ.

ಊದ್ ಮೇಥಾದ ಚರ್ಚ್ ಗೊತ್ತಲ್ಲ? ನಾನು ಬಂದಾಗ ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. 2022ರಿಂದ ಹೆಚ್ಚಿನ ಕಡೆ ಭಾನುವಾರ ರಜೆ ಸಿಗುತ್ತದೆ. ಬರುವ ಭಾನುವಾರ ಆರಾಧನೆ ಮುಗಿಸಿ ಗೇಟಿನ ಹತ್ತಿರ ನಿಂತಿರು. ಕಾಂಟ್ರಾಕ್ಟ್, ಆಫರ್ ಲೆಟರ್, ಎಮಿರೇಟ್ಸ್ ಐಡಿ ಮೂರನ್ನೂ ತಾ. ನಮ್ಮ ಮನೆಯಲ್ಲಿ ಕೂತು ದೂರು ತುಂಬಿಸೋಣ. ಅತ್ತಿಗೆ ಕೋರಿ ರೊಟ್ಟಿ ಮಾಡುತ್ತಾಳಂತೆ.